31 ಸಾವಿರ ಕೊಟ್ಟು ಮಗಳ ಪಿಸ್ತೂಲು ಕೆಡಿಸಿಕೊಂಡೆ, ದಯವಿಟ್ಟು ನೀವು ಈ 'ಅಪ್‌ಗ್ರೇಡ್' ಮಾಡಿಸಬೇಡಿ

ಬರೆಯೋದಾ ಬೇಡವಾ ಅಂತ ಎರಡು ವಾರ ಸುಮ್ಮನಿದ್ದೆ. ಬ್ಯಾಂಕಲ್ಲಿ ಕೂತು ದಿನಾ ಹತ್ತು ಜನಕ್ಕೆ 'ಓದಿ ಸಹಿ ಹಾಕಿ ಸಾರ್' ಅಂತ ಬುದ್ಧಿ ಹೇಳೋ ನಾನು, ಒಂದು ಬಿಲ್ಲೂ ಇಲ್ಲದೆ 31 ಸಾವಿರ ಎಣಿಸಿಕೊಟ್ಟು ಬಂದೆ ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೆ ಮೊನ್ನೆ ಭಾನುವಾರ ಮಗಳ ಶೂಟಿಂಗ್ ರೇಂಜಲ್ಲಿ ಇನ್ನೊಬ್ಬ ಹುಡುಗನ ತಂದೆ ಬಂದು 'ಸಾರ್, ಕಾಮಾಕ್ಷಿಪಾಳ್ಯದ ಕಡೆ ಒಬ್ಬರು ಏರ್ ಪಿಸ್ತೂಲು ಅಪ್‌ಗ್ರೇಡ್ ಮಾಡ್ತಾರಂತಲ್ಲ, ನಿಮ್ಮ ಮಗಳದ್ದೂ ಅಲ್ಲೇ ಮಾಡಿಸಿದ್ದಂತೆ, ಹೇಗಿದೆ?' ಅಂದರು. ಅವರು ಆಗಲೇ ಅಡ್ವಾನ್ಸ್ ಕೊಡೋಕೆ ಹೊರಟಿದ್ದರು. ಅದಕ್ಕೇ ಬರೀತಿದೀನಿ.

ಮಗಳು ಹತ್ತನೇ ಕ್ಲಾಸು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗ ನಮ್ಮನೆ ಹುಡುಗಿಯೂ ಟಿವಿ ಮುಂದಿಂದ ಎದ್ದು 'ನಾನೂ ಸೇರ್ತೀನಿ' ಅಂದವಳೇ. ಮನೆ ಹತ್ತಿರದ 10 ಮೀಟರ್ ರೇಂಜಿಗೆ ಸೇರಿಸಿದ್ವಿ. ರೇಂಜಿನ ಪಿಸ್ತೂಲಿಗೆ ಮೂರು ಜನ ಸರದಿ, ಸಿಗೋದೇ ಕಷ್ಟ ಅಂತ 48 ಸಾವಿರಕ್ಕೆ ಗಾಳಿ ಸಿಲಿಂಡರಿನ ಒಂದು ಕಡಿಮೆ ಬೆಲೆಯ ಪಿಸ್ತೂಲು ಕೊಡಿಸಿದೆ. ಪಾಯಿಂಟ್ 177 ಇಂಚಿನ ಬೋರು, ಹೊಡೆತದ ಶಕ್ತಿ 20 ಜೌಲ್ ಒಳಗಿನದು, ಲೈಸೆನ್ಸಿನ ತಲೆನೋವಿಲ್ಲ.

ಆರೇಳು ತಿಂಗಳು ಚೆನ್ನಾಗಿತ್ತು. ಆಮೇಲೆ ಸ್ಕೋರು 600ಕ್ಕೆ 540ರ ಆಸುಪಾಸಲ್ಲೇ ನಿಂತುಬಿಡ್ತು. ಪಕ್ಕದ ಲೇನಲ್ಲಿ ಮೊರೀನಿ, ಆ ಕಡೆ ಸ್ಟೈಯರ್, ಎಲ್ಲಾ ವಿದೇಶಿ ಪಿಸ್ತೂಲು, ಲಕ್ಷದ ಮಾತು. ಮನೇಲಿ ದಿನಾ ಇದೇ ಚರ್ಚೆ. ಇರೋದಕ್ಕೇ ಖರ್ಚು ಮಾಡೋದಾ, ಸಾಲ ಮಾಡಿ ಒಳ್ಳೇದು ತರೋದಾ? ನಮ್ಮವಳು 'ಆ ದುಡ್ಡಿಗೆ ಎರಡು ಸ್ಕೂಟಿ ಬರುತ್ತೆ' ಅಂತ ಒಂದೇ ಮಾತು. ಕೋಚ್ ಅಂತೂ 'ಅವಸರ ಬೇಡ ಸಾರ್, ಅವಳಿಗೆ ಇನ್ನೂ ಕೈ ಕೂತಿಲ್ಲ, ಪಿಸ್ತೂಲಿಂದಲ್ಲ' ಅಂದರು. ನಾನು ಅದನ್ನ ಕಿವಿಗೇ ಹಾಕ್ಕೊಳ್ಳಲಿಲ್ಲ. ಕೋಚ್‌ಗೆ ನನ್ನ ಮಗಳ ಬಗ್ಗೆ ಆಸಕ್ತಿ ಇಲ್ಲ ಅಂದುಕೊಂಡೆ. ತಪ್ಪು ನಂದೇ, ಒಪ್ಕೋತೀನಿ.

ಈ ಅಪ್‌ಗ್ರೇಡ್ ಮಹಾಶಯನ ನಂಬರು ಕೊಟ್ಟಿದ್ದು ರೇಂಜಲ್ಲೇ ಒಬ್ಬರು. ಮನೆಯ ಕೆಳಗಡೆ ಶೆಡ್ಡು, ಒಂದು ಲೇತು, ಗೋಡೆ ತುಂಬಾ ಮೆಡಲ್ ಹಾಕ್ಕೊಂಡ ಮಕ್ಕಳ ಫೋಟೋ. ಕಾಫಿ ತರಿಸಿದ. ಪಿಸ್ತೂಲು ಕೈಲಿ ಹಿಡಿದು, ತೂಗಿ, ಮೂಸಿ ನೋಡೋದೊಂದು ಬಾಕಿ. 'ಬಾಡಿ ಎಲ್ಲಾ ಒಂದೇ ಸಾರ್. ಮೂರು ಐಟಂ ಬದಲಾಯಿಸಿದ್ರೆ ಎರಡು ಲಕ್ಷದ ಪಿಸ್ತೂಲು ಇದರ ಮುಂದೆ ನಿಲ್ಲಲ್ಲ. ಸುಮ್ನೆ ಯಾಕೆ ಹೆಸರಿಗೆ ದುಡ್ಡು ಕೊಡ್ತೀರಾ?' ನನಗೆ ಬೇಕಾಗಿದ್ದ ಮಾತೇ ಅದು. ಜರ್ಮನಿ ಟ್ರಿಗರ್ ಯೂನಿಟ್ 12 ಸಾವಿರ, ಮ್ಯಾಚ್ ಗ್ರೇಡ್ ಬ್ಯಾರೆಲ್ 11 ಸಾವಿರ, ವಾಲ್ನಟ್ ಗ್ರಿಪ್ 8 ಸಾವಿರ. 'ಬೇಕಿದ್ರೆ ಪವರ್ರೂ ಜಾಸ್ತಿ ಮಾಡ್ಕೊಡ್ತೀನಿ' ಅಂದ. 10 ಮೀಟರಲ್ಲಿ ಕಾಗದ ತೂತು ಮಾಡೋಕೆ ಪವರ್ ಯಾಕೆ? ಆ ಮಾತಿಗೇ ಎದ್ದು ಬರಬೇಕಿತ್ತು. ಬರಲಿಲ್ಲ.

ನಾಲ್ಕು ದಿನ ಅಂದಿದ್ದ, 24 ದಿನ ಆಯ್ತು. ಟ್ರಿಗರ್ ಕಸ್ಟಮ್ಸಲ್ಲಿದೆ ಸಾರ್. ಗ್ರಿಪ್ ಪಾಲಿಶ್ ಒಣಗ್ತಿದೆ ಸಾರ್. ಹುಡುಗ ಊರಿಗೆ ಹೋಗಿದಾನೆ ಸಾರ್. ಅಷ್ಟು ದಿನವೂ ಮಗಳು ಪ್ರಾಕ್ಟೀಸ್ ಇಲ್ಲದೆ ನೀರಿನ ಬಾಟಲಿ ಚಾಚಿ ಹಿಡಿದು ಗೋಡೆ ನೋಡ್ತಾ ನಿಂತಿರೋಳು. ಕೊನೆಗೆ ಕೊಟ್ಟ. ನೋಡೋಕೆ ಭಾರಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಬಿಲ್ ಕೇಳಿದೆ. 'ಬಿಲ್ ಬೇಕಂದ್ರೆ ಜಿಎಸ್‌ಟಿ ಬೀಳುತ್ತೆ, ನಮ್ಮ ನಿಮ್ಮಲ್ಲಿ ಯಾಕೆ ಅದೆಲ್ಲ.' ಸರಿ ಅಂದೆ. ಬ್ಯಾಂಕಿನೋನು ನಾನು, ಸರಿ ಅಂದೆ!

ಎರಡನೇ ದಿನವೇ ಮಗಳು 'ಅಪ್ಪಾ, ಬೆರಳಿಟ್ಟ ತಕ್ಷಣ ಹೋಗಿಬಿಡ್ತಿದೆ' ಅಂದಳು. ಅವನಿಗೆ ಫೋನ್ ಮಾಡಿದೆ. 'ಮ್ಯಾಚ್ ಟ್ರಿಗರ್ ಅಂದ್ರೆ ಬೆಣ್ಣೆ ಥರ ಸಾರ್, ಪಾಪುಗೆ ಅಭ್ಯಾಸ ಆಗುತ್ತೆ.' ನಾನೂ ಅದನ್ನೇ ಅವಳಿಗೆ ಹೇಳಿದೆ. ಹೇಳಿದ್ದಲ್ಲ, ಗದರಿದೆ. 31 ಸಾವಿರ ಹಾಕಿದೀನಿ, ನಿನಗೆ ಏನು ಕೊಟ್ರೂ ಸಾಲಲ್ಲ ಅಂತ.

ಇನ್ನು ಮ್ಯಾಚ್ ದಿನ. ಎಕ್ವಿಪ್‌ಮೆಂಟ್ ಕಂಟ್ರೋಲ್ ಅಂತ ಇರುತ್ತೆ, ಪಿಸ್ತೂಲು ನಿಯಮದ ಪ್ರಕಾರ ಇದೆಯಾ ಅಂತ ಮೊದಲೇ ಪರೀಕ್ಷೆ ಮಾಡೋದು. ಮೊದಲು ಡಬ್ಬಿ. 420 ಮಿ.ಮೀ. ಉದ್ದ, 200 ಎತ್ತರ, 50 ಅಗಲ, ಪಿಸ್ತೂಲು ಅದರೊಳಗೆ ಕೂರಬೇಕು. ಕೂರಲಿಲ್ಲ. ಆ ಸುಂದರ ಗ್ರಿಪ್ಪಿನ ಹೆಬ್ಬೆರಳ ಕಡೆ ಉಬ್ಬು ಅಡ್ಡ ಬಂತು. ಅಲ್ಲಿದ್ದ ಒಬ್ಬ ಹುಡುಗ ಸ್ಯಾಂಡ್‌ಪೇಪರ್ ಕೊಟ್ಟ. ಹಿಂದೆ ಕ್ಯೂ, ನಾನು ಶಾಮಿಯಾನದ ಪಕ್ಕ ಕುಕ್ಕರುಗಾಲಲ್ಲಿ ಕೂತು 8 ಸಾವಿರದ ಗ್ರಿಪ್ ಉಜ್ಜುತ್ತಿದ್ದೆ. ಮೇಲಿನ ಕಂದು ಬಣ್ಣ ಎದ್ದು ಬಂತು, ಕೆಳಗೆ ಬೆಳ್ಳಗೆ. ಪ್ಯಾಕಿಂಗ್ ಪೆಟ್ಟಿಗೆ ಮರ ಇರುತ್ತಲ್ಲ, ಅದೇ ಬಣ್ಣ. ಕೈ ಸಣ್ಣಗೆ ನಡುಗೋಕೆ ಶುರುವಾಯ್ತು.

ಆಮೇಲೆ ತೂಕ. ಟ್ರಿಗರ್ ಬೀಳೋಕೆ ಕನಿಷ್ಠ 500 ಗ್ರಾಂ ಎಳೆತ ಬೇಕು ಅನ್ನೋದು ನಿಯಮ. ಪಿಸ್ತೂಲು ನೆಟ್ಟಗೆ ಮೇಲ್ಮುಖ ಹಿಡಿದು, ಟ್ರಿಗರಿಗೆ ತೂಕದ ಕಂಬಿ ಸಿಕ್ಕಿಸಿ, ಮೇಜಿಂದ ನಿಧಾನ ಎತ್ತುತ್ತಾರೆ. ತೂಕ ಮೇಲೆ ಏಳಬೇಕು, ಟ್ರಿಗರ್ ಬೀಳಬಾರದು. ತೂಕ ಮೇಜು ಬಿಡೋ ಮುಂಚೆಯೇ ಟಕ್ ಅಂತು. ಮೂರು ಸಲ ಅವಕಾಶ. ಎರಡನೇ ಸಲವೂ ಟಕ್. ಮೂರನೇ ಸಲವೂ ಟಕ್. ಆಫೀಸರು ಒಳ್ಳೆಯವರು, ಮೆಲ್ಲಗೆ 'ಇದನ್ನ ಯಾರು ಮುಟ್ಟಿದ್ದು?' ಅಂದರು. ಮಗಳು ನನ್ನ ಕಡೆ ನೋಡಲೇ ಇಲ್ಲ. ಬೈದಿದ್ದರೂ ಪರವಾಗಿರಲಿಲ್ಲ.

ಕೋಚ್ ಹತ್ತಿರದ ಪಿಸ್ತೂಲು ಇಸ್ಕೊಂಡು 60 ಗುಂಡು ಹೊಡೆದಳು. ಗ್ರಿಪ್ ದೊಡ್ಡದು, ಕೈಗೆ ಕೂರಲಿಲ್ಲ. 511.

ಸೋಮವಾರ ಕೋಚ್ ನನ್ನೆದುರೇ ಪಿಸ್ತೂಲು ಬಿಚ್ಚಿದರು. ಜರ್ಮನಿ ಟ್ರಿಗರ್ ಅಂತ ಯಾವುದೂ ಇರಲಿಲ್ಲ. ಹಳೇ ಯೂನಿಟ್ಟೇ, ಒಳಗಿನ ಸ್ಪ್ರಿಂಗನ್ನ ಕಟಿಂಗ್ ಪ್ಲೇಯರಲ್ಲಿ ಎರಡು ಸುತ್ತು ಕತ್ತರಿಸಿದ್ದ. ಬ್ಯಾರೆಲ್ ಮೇಲೆ ಹೊಸ ಕಪ್ಪು ಕೊಳವೆ ತೊಡಿಸಿದ್ದ. ಅದನ್ನ ಎಳೆದರೆ ಕೆಳಗೆ ಒಂದು ಗೀರು. ಪಿಸ್ತೂಲು ತಂದ ಮೊದಲ ವಾರ ನಾನೇ ರೇಂಜಿನ ಕಬ್ಬಿಣದ ಬೆಂಚಿಗೆ ತಾಗಿಸಿದ್ದ ಗೀರು, ಬಾಲ ಇರೋ ಅಲ್ಪವಿರಾಮದ ಥರ. ಸಾವಿರ ಬ್ಯಾರೆಲಲ್ಲಿಟ್ಟರೂ ಗುರುತು ಹಿಡೀತೀನಿ. 11 ಸಾವಿರಕ್ಕೆ ನನ್ನ ಬ್ಯಾರೆಲನ್ನೇ ನನಗೆ ಮಾರಿದ್ದಾನೆ.

ಇನ್ನೊಂದು ಕೇಳಿ. ಕೋಚ್ ಆ ಬ್ಯಾರೆಲನ್ನ ಸ್ಟ್ಯಾಂಡಿಗೆ ಕಚ್ಚಿಸಿ ಐದು ಪೆಲೆಟ್ ಹೊಡೆದರು. ಐದೂ ಒಂದೇ ತೂತು, ಸ್ವಲ್ಪ ಅಂಚು ಹರಿದಿತ್ತು ಅಷ್ಟೇ. ಟಾರ್ಗೆಟ್ಟಿನ ನಡುವಿನ ಹತ್ತು ಅಂಕದ ವೃತ್ತ 11.5 ಮಿ.ಮೀ. ಇರುತ್ತೆ, ಇದು ಅದರೊಳಗೆ ಆರಾಮಾಗಿ ಕೂತಿತ್ತು. ಅಂದರೆ ಪಿಸ್ತೂಲು ಮೊದಲಿಂದಲೂ ಸರಿಯಾಗೇ ಇತ್ತು. ಆ ಟಾರ್ಗೆಟ್ ಕಾಗದ ಕೋಚ್ ನನ್ನ ಕೈಗೇ ಕೊಟ್ಟರು, ಏನೂ ಅನ್ನಲಿಲ್ಲ.

ಫೋನ್ ಮಾಡಿದೆ. ಮೊದಲು 'ನಾನು ಕೊಟ್ಟಾಗ ಸರಿ ಇತ್ತು, ನಿಮ್ಮ ಕೋಚ್ ಬಿಚ್ಚಿ ಕೆಡಿಸಿದಾರೆ.' ಗೀರಿನ ವಿಷಯ ಹೇಳಿದೆ. 'ಸೇಮ್ ಗೀರು ಬರಬಾರದು ಅಂತಿದ್ಯಾ ಸಾರ್?' ಇದೇ ಮಾತು, ಅಕ್ಷರ ಬದಲಾಯಿಸಿಲ್ಲ. ಸೇಮ್ ಗೀರು ಬರಬಾರದು ಅಂತಿದ್ಯಾ! ದುಡ್ಡು ವಾಪಸ್ ಕೊಡು ಅಂದೆ. 'ಬಿಲ್ ಕಳ್ಸಿ ನೋಡೋಣ.'

ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿ, ದನಿ ಬದಲಾಯಿಸಿಕೊಂಡು 'ಬೇಜಾರ್ ಮಾಡ್ಕೋಬೇಡಿ ಸಾರ್. ಕಡಿಮೆ ರೇಟಿನ ಪೀಸು, ಎಷ್ಟು ಅಪ್‌ಗ್ರೇಡ್ ಮಾಡಿದ್ರೂ ಅಷ್ಟೇ' ಅಂದ. ಅದೇ ಬಾಯಿ! ನನ್ನ ಪಿಸ್ತೂಲು ಅವನು 9 ಸಾವಿರಕ್ಕೆ ತಗೋತಾನಂತೆ. ಯಾಕೆ ಅಷ್ಟು ಕಡಿಮೆ ಅಂದರೆ 'ಕೈ ಹಾಕಿಸಿರೋ ಪೀಸಿಗೆ ರೀಸೇಲ್ ಇಲ್ಲ ಸಾರ್.' ಮೇಲೆ ಒಂದು ಲಕ್ಷ 40 ಸಾವಿರ ಕೊಟ್ಟರೆ ವಿದೇಶಿ ಸೆಕೆಂಡ್ ಹ್ಯಾಂಡ್ ಪಿಸ್ತೂಲು ಕೊಡ್ತಾನಂತೆ. ಈ ಸಲ ಕೋಚನ್ನೇ ಕರ್ಕೊಂಡು ಹೋದೆ. ಅವರು ಪಿಸ್ತೂಲು ಮುಟ್ಟಲೇ ಇಲ್ಲ, ಸಿಲಿಂಡರ್ ತಿರುಗಿಸಿ ಕೆತ್ತಿದ್ದ ತಾರೀಖು ಓದಿದರು. 2012. ಹತ್ತು ವರ್ಷದ ಅವಧಿಯ ಸಿಲಿಂಡರು, 2022ಕ್ಕೇ ಮುಗಿದಿದೆ. ಅವಧಿ ಮುಗಿದದ್ದಕ್ಕೆ 200 ಬಾರ್ ಗಾಳಿ ತುಂಬಿಸಿ ಮಗುವಿನ ಕೈಗೆ ಕೊಡೋದಾ? ಮ್ಯಾಚಲ್ಲೂ ಅದನ್ನ ಹೊರಗಿಡ್ತಾರೆ. 'ಅದೆಲ್ಲ ಯಾರೂ ನೋಡಲ್ಲ ಸಾರ್' ಅಂದ. 'ನಾನೇ ನೋಡಿದ್ನಲ್ಲಪ್ಪ' ಅಂದು ಕೋಚ್ ಎದ್ದರು.

ನನ್ನ ಕೇಳಿದರೆ, ಮೊದಲು ಪಿಸ್ತೂಲನ್ನ ಸ್ಟ್ಯಾಂಡಿಗೆ ಕಚ್ಚಿಸಿ ಹೊಡೆಸಿ ನೋಡಿ. ಹತ್ತರೊಳಗೇ ಗುಂಪು ಕೂತರೆ ಬ್ಯಾರೆಲಿಗೆ ಒಂದು ರೂಪಾಯಿ ಹಾಕಬೇಡಿ. ಟ್ರಿಗರ್‌ಗೆ ಕಂಪನಿಯವರೇ ಅಡ್ಜಸ್ಟ್ ಸ್ಕ್ರೂ ಇಟ್ಟಿರ್ತಾರೆ, ತೂಕ ಹಾಕಿ ನೋಡಿ ಅದನ್ನೇ ತಿರುಗಿಸಿ. ಗ್ರಿಪ್ ಒಂದನ್ನ ಮಗುವಿನ ಕೈ ಅಳತೆಗೆ ಮಾಡಿಸಿ, ಮಾಡೋನು ಡಬ್ಬಿ ಅಳತೆ ಬಲ್ಲವನಾಗಿರಲಿ. ದುಡ್ಡಿದ್ದು ಒಳ್ಳೇದೇ ತಗೋತೀರಾ, ಬಿಲ್ ಸಮೇತ ತಗೊಳ್ಳಿ. ಹಳೇದಾದರೆ ಸಿಲಿಂಡರ್ ತಾರೀಖು ಓದಿ. ಶೆಡ್ಡಲ್ಲಿ ಕಾಫಿ ಕುಡೀಬೇಡಿ.

ಹೊಸ ಸ್ಪ್ರಿಂಗ್ ಕಂಪನಿಯಿಂದಲೇ ತರಿಸಿದ್ದಾಯ್ತು, 350 ರೂಪಾಯಿ. ಮಗಳು ಹಳೇ ಗ್ರಿಪ್ಪಲ್ಲೇ ಹೊಡೀತಿದಾಳೆ, ನನ್ನ ಜೊತೆ ಮಾತು ಈಗ ಸ್ವಲ್ಪ ಪರವಾಗಿಲ್ಲ. ಅವನು ನನ್ನ ನಂಬರ್ ಬ್ಲಾಕ್ ಮಾಡಿದಾನೆ. ಮೇಲೆ ಹೇಳಿದ ಆ ತಂದೆ ತಮ್ಮ ಫೋನಲ್ಲಿ ಅವನ ವಾಟ್ಸಾಪ್ ಸ್ಟೇಟಸ್ ತೋರಿಸಿದರು. ಕಂದು ಪಾಲಿಶಿನ ಗ್ರಿಪ್ಪು, ಕಪ್ಪು ಕೊಳವೆ, ನನ್ನ ಮಗಳ ಪಿಸ್ತೂಲು. ಕೆಳಗೆ 'ಸ್ಟೇಟ್ ಲೆವೆಲ್ ಶೂಟರ್‌ಗೆ ನಮ್ಮ ಕೆಲಸ' ಅಂತ ಬರೆದು ಕೈ ಮುಗಿಯೋ ಚಿತ್ರ ಹಾಕಿದಾನೆ.