ಡೆಬಿಯನ್ 12ರಲ್ಲಿ ಹೈಬರ್ನೇಟ್: ಸೋಮವಾರಪೇಟೆಯ ಮಳೆಗಾಲ ಕಂಡ ಲ್ಯಾಪ್‌ಟಾಪ್

ತೋಟದ ಲೆಕ್ಕಪತ್ರಕ್ಕೆಂದು ಇಟ್ಟುಕೊಂಡಿರುವ 8 ಜಿಬಿ ರ್‍ಯಾಮಿನ ಲ್ಯಾಪ್‌ಟಾಪಿನಲ್ಲಿ, 2023ರ ಜೂನ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಬಹುಕಾಲದಿಂದ ಬಳಸುತ್ತಿದ್ದೇನೆ. ಸೋಮವಾರಪೇಟೆ ಕಡೆ ಮಳೆ ಹಿಡಿದು, ಸಿಲ್ವರ್ ಓಕ್ ಕೊಂಬೆಯೊಂದು ತಂತಿಯ ಮೇಲೆ ಬಿತ್ತೆಂದರೆ, ಕರೆಂಟು ಯಾವಾಗ ಬರುತ್ತದೆಂಬುದು ಲೈನ್‌ಮನ್‌ಗೂ ತಿಳಿದಿರುವುದಿಲ್ಲ. ಆದ್ದರಿಂದ, ಬ್ಯಾಟರಿ ಪೂರ್ತಿ ಬರಿದಾದ ಮೇಲೂ ತೆರೆದಿಟ್ಟಿದ್ದ ಲೆಕ್ಕದ ಹಾಳೆ ಹಾಗೆಯೇ ಮರಳಿ ಸಿಗುತ್ತದೆಯೇ ಎಂಬುದೇ ನನಗೆ ಮುಖ್ಯ.

ಸಿಗುತ್ತದೆ, ಆದರೆ ತಾನಾಗಿ ಅಲ್ಲ. ಯಂತ್ರ ಅರೆನಿದ್ರೆಗೆ ಜಾರುವ ಸಸ್ಪೆಂಡ್ ಸ್ಥಿತಿಯಲ್ಲಿ ರ್‍ಯಾಮಿಗೆ ವಿದ್ಯುತ್ ಬೇಕೇ ಬೇಕು. ಹೈಬರ್ನೇಟ್ ಆದಾಗ ಅದರಲ್ಲಿರುವುದೆಲ್ಲ ಡಿಸ್ಕಿನ ಸ್ವಾಪ್ ಜಾಗಕ್ಕೆ ಬರೆಯಲ್ಪಟ್ಟು ಯಂತ್ರ ಪೂರ್ಣವಾಗಿ ಆರುತ್ತದೆ. ಇನ್‌ಸ್ಟಾಲರ್ ನನಗೆ ಮಾಡಿಕೊಟ್ಟಿದ್ದ ಸ್ವಾಪ್ ಇದಕ್ಕೆ ಸಾಲದಾದ್ದರಿಂದ 10 ಜಿಬಿಯ ಸ್ವಾಪ್ ಫೈಲ್ ಮಾಡಿಕೊಂಡೆ. ಫೈಲ್ ಯಾವ ಡಿಸ್ಕ್ ಭಾಗದಲ್ಲಿದೆ, ಅಲ್ಲಿ ಎಷ್ಟನೇ ಬ್ಲಾಕಿನಿಂದ ಆರಂಭವಾಗುತ್ತದೆ ಎಂಬ ಎರಡನ್ನೂ ಯಂತ್ರವನ್ನು ಬೂಟ್ ಮಾಡಿಸುವ ಗ್ರಬ್ ಮೂಲಕ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ತಿಳಿಸಿ, ಬೂಟ್ ಆರಂಭದಲ್ಲಿ ಬಳಕೆಯಾಗುವ ತಾತ್ಕಾಲಿಕ ಕಡತವ್ಯವಸ್ಥೆಯಾದ ಇನಿಟ್‌ರ್‍ಯಾಮ್‌ಎಫ್‌ಎಸ್ ಅನ್ನು ಹೊಸದಾಗಿ ಕಟ್ಟಬೇಕು. ಬ್ಲಾಕಿನ ಸಂಖ್ಯೆ ಫೈಲ್‌ಫ್ರ್ಯಾಗ್ ಆದೇಶದ ಉತ್ತರದಲ್ಲಿ, ಫಿಸಿಕಲ್ ಆಫ್‌ಸೆಟ್ ಎಂಬ ಕಾಲಂನ ಮೊದಲ ಸಾಲಿನಲ್ಲಿರುತ್ತದೆ. ಫೈಲನ್ನು ಅಳಿಸಿ ಮತ್ತೆ ಮಾಡಿದರೆ ಈ ಸಂಖ್ಯೆ ಬದಲಾಗಬಹುದಾದ್ದರಿಂದ ಮತ್ತೊಮ್ಮೆ ನೋಡಿಕೊಳ್ಳುವುದು ಅಗತ್ಯ. ಸಹಿಯಿಲ್ಲದ ತಂತ್ರಾಂಶದಿಂದ ಯಂತ್ರ ಆರಂಭವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಚಾಲನೆಯಲ್ಲಿದ್ದರೆ ಡೆಬಿಯನ್ ಕರ್ನೆಲ್ ಹೈಬರ್ನೇಟ್‌ಗೆ ಒಪ್ಪುವುದೇ ಇಲ್ಲ. ನಾನು ಸೆಕ್ಯೂರ್ ಬೂಟನ್ನು ಆಫ್ ಮಾಡಿದ್ದೇನೆ. ಕಚೇರಿಯ ಲ್ಯಾಪ್‌ಟಾಪಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಮುಚ್ಚಳ ಹಾಕಿದೊಡನೆ ಸಸ್ಪೆಂಡ್ ಆಗಿ, ಅರ್ಧ ಗಂಟೆಯ ಬಳಿಕ ಹೈಬರ್ನೇಟ್ ಆಗುವಂತೆ, ವ್ಯವಸ್ಥೆಯ ಸೇವೆಗಳನ್ನು ನಡೆಸುವ ತಂತ್ರಾಂಶವಾದ ಸಿಸ್ಟಂ‌ಡಿಯಲ್ಲಿ ಹೊಂದಿಸಿರುವುದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಚಹಾ ಕುಡಿದು ಬರುವಷ್ಟರಲ್ಲಿ ತೆರೆದರೆ ಕ್ಷಣದಲ್ಲಿ ಪರದೆ ಬರುತ್ತದೆ, ರಾತ್ರಿಯಿಡೀ ಬಿಟ್ಟರೂ ಬ್ಯಾಟರಿ ಇಳಿಯುವುದಿಲ್ಲ.

ಬ್ಯಾಟರಿಯ ಬಾಳಿಕೆಗೆ ವಿದ್ಯುತ್ ಉಳಿಸುವ ತಂತ್ರಾಂಶವಾದ ಟಿಎಲ್‌ಪಿ ಹಾಕಿ ಚಾರ್ಜಿಂಗನ್ನು ಶೇ. 80ಕ್ಕೆ ನಿಲ್ಲಿಸಿದ್ದೇನೆ. ಈ ಮಿತಿ ಎಲ್ಲ ಯಂತ್ರಗಳಲ್ಲೂ ನಡೆಯದು, ಲ್ಯಾಪ್‌ಟಾಪಿನ ಹಾರ್ಡ್‌ವೇರ್ ಮತ್ತು ಕರ್ನೆಲ್ ಡ್ರೈವರ್ ಎರಡೂ ಒಪ್ಪಬೇಕು. ಮಳೆಗಾಲದಲ್ಲಿ ಮಾತ್ರ ಈ ಶಿಸ್ತು ನಷ್ಟದ ಬಾಬತ್ತು: ಆಗ ಬೇಕಾಗಿರುವುದು ಮುಂದಿನ ವರ್ಷದ ಬ್ಯಾಟರಿಯಲ್ಲ, ಇಂದಿನ ಸಂಜೆಯ ಬ್ಯಾಟರಿ. ಮೋಡ ಕವಿದಾಗ ಟಿಎಲ್‌ಪಿಯ ಫುಲ್‌ಚಾರ್ಜ್ ಆದೇಶ ಕೊಟ್ಟು ಆ ಒಂದು ಸಲಕ್ಕೆ ನೂರು ತುಂಬಿಸಿಕೊಳ್ಳುತ್ತೇನೆ. ಡೆಸ್ಕ್‌ಟಾಪಿನ ಪವರ್ ಪ್ರೊಫೈಲ್ಸ್ ಡೀಮನ್ ಎಂಬ ಇದೇ ಬಗೆಯ ಹಿನ್ನೆಲೆ ಸೇವೆಯ ಜೊತೆ ಟಿಎಲ್‌ಪಿಗೆ ಹೊಂದಾಣಿಕೆಯಿಲ್ಲ, ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕು.

ಉಳಿದಿರುವ ದೂರು ವೈಫೈಯದು. ಹೈಬರ್ನೇಟ್‌ನಿಂದ ಎದ್ದ ಮೇಲೆ ಅದು ಕೆಲವೊಮ್ಮೆ ಕಾಣೆಯಾಗುತ್ತದೆ, ಡ್ರೈವರ್ ಮಾಡ್ಯೂಲನ್ನು ತೆಗೆದು ಮತ್ತೆ ಹಾಕಿದರೆ ಬರುತ್ತದೆ. ಯಂತ್ರ ಏಳುವಾಗ ಈ ಕೆಲಸ ತಾನೇ ನಡೆಯುವಂತೆ ಸಿಸ್ಟಂ‌ಡಿಯ ಸಿಸ್ಟಂ-ಸ್ಲೀಪ್ ಫೋಲ್ಡರಿನಲ್ಲಿ ಪುಟ್ಟದೊಂದು ಸ್ಕ್ರಿಪ್ಟ್ ಇಟ್ಟಿದ್ದೇನೆ.