ಬೆಳಗಾವಿಯಲ್ಲಿ ಅವ್ವನ ಕಾಂಟ್ರಾಸ್ಟ್ ಎಂಆರ್‌ಐ: ಸ್ಕ್ಯಾನ್ ಚಲೋ, ಬಿಲ್ ಸರಿಯಿಲ್ಲ

ಹೋದ ತಿಂಗಳು ಅವ್ವನನ್ನು ಬಾಗಲಕೋಟೆಯಿಂದ ಬೆಳಗಾವಿಗೆ ಕರೆದುಕೊಂಡು ಹೋಗಿ ತಲೆಯ ಎಂಆರ್‌ಐ ಮಾಡಿಸಿದೆ. ಕಾಂಟ್ರಾಸ್ಟ್ ಸಮೇತ, ಅಂದರೆ ಚಿತ್ರ ಎದ್ದು ಕಾಣಲು ನರಕ್ಕೆ ಕೊಡುವ ಔಷಧದ ಸಮೇತ, ಮಾಡಿಸಿ ಅಂತ ಡಾಕ್ಟರ್ ಬರೆದಿದ್ದರು. ಸೆಂಟರ್ ಹೆಸರು ಹಾಕುತ್ತಿಲ್ಲ. 5ಕ್ಕೆ 3 ಸ್ಟಾರ್.

ಮೊದಲು ಅಲ್ಲಿನ ಸಿಸ್ಟರ್ ಬಗ್ಗೆ ಹೇಳಲೇಬೇಕು. ಅವ್ವ ಮದುವೆಯಾದಾಗಿನಿಂದ ಕಾಲುಂಗುರ ಬಿಚ್ಚಿಲ್ಲ, ಅವು ಬೆರಳಿಗೆ ಕಚ್ಚಿಕೊಂಡು ಕೂತಿದ್ದವು. ಒಳಗೆ ಹೋಗಬೇಕಾದರೆ ಮೈಮೇಲೆ ಲೋಹ ಇರುವಂತಿಲ್ಲ. "ಬೆಳ್ಳಿ ಅದಾವ, ಇರ್ಲಿ ಬಿಡ್ರಿ" ಅಂತ ಅವ್ವನ ಹಟ. ಸಿಸ್ಟರ್ ರೇಗಲಿಲ್ಲ. ಮಗ್‌ನಲ್ಲಿ ಸೋಪಿನ ನೀರು ತಂದು, ನೆಲದ ಮೇಲೇ ಕೂತು, "ಸ್ಕ್ಯಾನ್ ಮುಗೀಲಿ ಅವ್ವಾರ, ನಾನೇ ಹಾಕಿ ಕೊಡ್ತೀನಿ" ಅನ್ನುತ್ತಾ ಒಂದೊಂದೇ ಉಂಗುರವನ್ನು ನಿಧಾನಕ್ಕೆ ತಿರುಗಿಸಿ ತೆಗೆದರು. ಬೆರಳಿನ ಮೇಲೆ ಬಿಳಿ ಗೆರೆ ಉಳಿದಿತ್ತು. ಆಮೇಲೆ ಹೇಳಿದ ಹಾಗೆ ಅವರೇ ಹಾಕಿದರು.

ರಕ್ತ ಪರೀಕ್ಷೆಯ ವಿಷಯದಲ್ಲೂ ಅವರು ಸಡಿಲ ಬಿಡಲಿಲ್ಲ. ನಮ್ಮ ಹತ್ತಿರ ಇದ್ದ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ಪರೀಕ್ಷೆ) ರಿಪೋರ್ಟ್ ಹಳೇದು, ಹೊಸದಾಗಿ ಮಾಡಿಸಿಯೇ ಒಳಗೆ ಬಿಟ್ಟರು. ಇದು ಸರಿಯೇ. ಈ ಕಾಂಟ್ರಾಸ್ಟ್ ಔಷಧ ಮೈಯಿಂದ ಹೊರಗೆ ಹೋಗುವುದು ಕಿಡ್ನಿಯ ಮೂಲಕ.

ತೊಂದರೆ ಶುರುವಾಗಿದ್ದು ಕೌಂಟರಿನಲ್ಲಿ. ಬಿಲ್ಲಿನಲ್ಲಿ 'ಕಾಂಟ್ರಾಸ್ಟ್' ಅಂತ ಒಂದೇ ಪದ, ಪಕ್ಕದಲ್ಲಿ ದುಡ್ಡು. ಯಾವ ಕಾಂಟ್ರಾಸ್ಟ್ ಅಂತ ಕೇಳಿದೆ. "ಚಲೋದೇ ಐತ್ರಿ ಸರ್" ಅಂದರು. ಎರಡನೇ ಸಲ ಕೇಳಿದಾಗ ಹಿಂದಿದ್ದವರನ್ನು ಕರೆದರು. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವವನು, ಸುಮ್ನೆ ಕಾಲೆಳೆಯಲು ಕೇಳಿದ್ದಲ್ಲ. ಅದರಲ್ಲಿರುವುದು ಗ್ಯಾಡೊಲಿನಿಯಂ ಎಂಬ ಲೋಹ. ಮಷೀನು ರೇಡಿಯೋ ಅಲೆಯಿಂದ ಕೆಣಕಿದ ಮೇಲೆ, ತನ್ನ ಹತ್ತಿರದ ನೀರಿನ ಹೈಡ್ರೋಜನ್ ಬೇಗ ಚೇತರಿಸಿಕೊಂಡು ಮೊದಲಿನ ಸ್ಥಿತಿಗೆ ಬರುವಂತೆ ಮಾಡುತ್ತದೆ, ಅದಕ್ಕೇ ಆ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಆದರೆ ಬಿಡಿಯಾಗಿ ಮೈಗೆ ಸೇರಿದರೆ ಅದು ವಿಷ, ಹಾಗಾಗಿ ಒಂದು ಅಣುವಿನ ಪಂಜರದಲ್ಲಿ ಕೂಡಿಹಾಕಿ ಕೊಡುತ್ತಾರೆ. ಪಂಜರದಲ್ಲಿ ಎರಡು ಜಾತಿ. ಒಂದು ಸುತ್ತಲೂ ಮುಚ್ಚಿದ ಬಳೆಯಂಥದ್ದು, ಲೋಹವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇನ್ನೊಂದು ಬಾಯಿ ತೆರೆದ ಸರಪಳಿಯಂಥದ್ದು, ಅದರ ಹಿಡಿತ ಸಡಿಲ. ಕಿಡ್ನಿ ತೀರಾ ಕೆಟ್ಟವರಲ್ಲಿ ಚರ್ಮ ಗಟ್ಟಿಯಾಗುವ ಕಾಯಿಲೆಗೂ ಗ್ಯಾಡೊಲಿನಿಯಂಗೂ ಸಂಬಂಧ ಇದೆ ಅಂತ 2006ರಲ್ಲಿ ಗೊತ್ತಾಯಿತು, ಅದು ಹೆಚ್ಚಾಗಿ ಕಂಡದ್ದು ಸರಪಳಿ ಜಾತಿಯಲ್ಲಿ. ಯುರೋಪಿನಲ್ಲಿ 2017ರಲ್ಲಿ, ಲಿವರ್ ಸ್ಕ್ಯಾನ್‌ನಂಥ ಕೆಲವು ಉಪಯೋಗ ಬಿಟ್ಟು, ಆ ಜಾತಿಗೆ ತಡೆ ಹಾಕಿದರು. ಹೀಗಿರುವಾಗ ಹೆಸರು ಕೇಳುವುದು ನಮ್ಮ ಹಕ್ಕು ಅಲ್ವಾ?

ಕೊನೆಗೆ ಟೆಕ್ನಿಷಿಯನ್ ಹುಡುಗ ಹೊರಗೆ ಬಂದು ಸೀಸೆಯನ್ನೇ ತೋರಿಸಿದ. ಗ್ಯಾಡೊಟೆರೇಟ್, ಬಳೆ ಜಾತಿ. ಅವ್ವನ ತೂಕ 52 ಕೆಜಿ, ಅದಕ್ಕೆ 10 ಮಿಲಿ. ಸಮಾಧಾನವಾಯಿತು. ಇಷ್ಟು ಹೇಳಲು ಮುಕ್ಕಾಲು ಗಂಟೆ ಯಾಕೆ ಬೇಕಾಯಿತು?

ಕಾಯುವಾಗ ಅವ್ವ ಒಂದು ಪ್ರಶ್ನೆ ಕೇಳಿದಳು. ಅವಳ ತವರು ಹುನಗುಂದ ಕಡೆ, ಬೋರ್ ನೀರು ಕುಡಿದು ಹಲ್ಲಿನ ಮೇಲೆ ಕಂದು ಕಲೆ ಬಿದ್ದಿವೆ. "ಆ ಫ್ಲೋರೈಡ್ ಈ ಮಷೀನಿನ್ಯಾಗ ಕಾಣ್ತೈತೇನೋ?" ಇಲ್ಲ ಅವ್ವ ಅಂದೆ. 1.5 ಟೆಸ್ಲಾ (ಆಯಸ್ಕಾಂತದ ಬಲದ ಅಳತೆ) ಮಷೀನು ಹೈಡ್ರೋಜನ್‌ನ ದನಿಗೆ, ಅಂದರೆ ಅದರ ರೇಡಿಯೋ ಸಿಗ್ನಲ್‌ಗೆ, ಕಿವಿಗೊಡುವುದು ಸುಮಾರು 64 ಮೆಗಾಹರ್ಟ್ಸ್‌ನಲ್ಲಿ, ಫ್ಲೋರೈಡಿನಲ್ಲಿರುವ ಫ್ಲೋರಿನ್ ದನಿ ಇರುವುದು ಸುಮಾರು 60ರಲ್ಲಿ. ಅದಕ್ಕೆ ಬೇರೆ ಕಾಯಿಲ್ (ದನಿ ಹಿಡಿಯುವ ತಂತಿಯ ಸುರುಳಿ) ಬೇಕು. ಇದ್ದರೂ ಹಲ್ಲು, ಎಲುಬಿನೊಳಗಿನ ಫ್ಲೋರಿನ್ ದನಿ ಹಿಡಿಯುವ ಮೊದಲೇ ಆರಿಹೋಗುತ್ತದೆ.

ನನಗೆ ಬಹಳ ಹಿಡಿಸಿದ ಸಂಗತಿ ಇದರಲ್ಲೇ ಇದೆ. ಫ್ಲೋರಿನ್ ಮಟ್ಟಿಗೆ ನಮ್ಮ ಮೈ ಪೂರ್ತಿ ಕತ್ತಲೆ, ಆದ್ದರಿಂದ ಫ್ಲೋರಿನ್ ಇರುವ ಔಷಧ ಕೊಟ್ಟರೆ ಅದೊಂದೇ ಕಾಣುತ್ತದೆ. 2014ರಲ್ಲಿ ಕರುಳಿನ ಕ್ಯಾನ್ಸರ್ ರೋಗಿಗಳಿಗೆ ಫ್ಲೋರಿನ್ ಗುರುತು ಹಾಕಿದ ಕೋಶಗಳನ್ನು ಕೊಟ್ಟು ಹೀಗೆ ನೋಡಿದ್ದಾರೆ. ತೊಡಕು ಏನೆಂದರೆ ದನಿ ಬಹಳ ಸಣ್ಣದು, ಒಮ್ಮೆ ದನಿ ಕೊಟ್ಟ ಮೇಲೆ ಫ್ಲೋರಿನ್ ಮತ್ತೆ ಅಣಿಯಾಗಲು ಹೊತ್ತು ಹಿಡಿಯುತ್ತದೆ. ಅದಕ್ಕೇ ಕಬ್ಬಿಣ, ಕೋಬಾಲ್ಟ್, ಗ್ಯಾಡೊಲಿನಿಯಂನಂಥ ಲೋಹವನ್ನು ಅದೇ ಅಣುವಿನಲ್ಲಿ ಫ್ಲೋರಿನ್ ಹತ್ತಿರ ಕೂರಿಸಿ ಚೇತರಿಕೆ ಬೇಗ ಮಾಡಿಸುತ್ತಾರೆ. ತೀರಾ ಹತ್ತಿರವಾದರೆ ದನಿಯೇ ಸಾಯುತ್ತದೆ, ದೂರವಾದರೆ ಲೋಹ ಇದ್ದೂ ಇಲ್ಲದಂತೆ. ಫ್ಲೋರಿನ್ ಜೊತೆ ಲೋಹ ಕೂರಿಸಿದ ಈ ಔಷಧಗಳು ಇನ್ನೂ ಲ್ಯಾಬಿನಲ್ಲೇ ಇವೆ, ನಮ್ಮ ಸೆಂಟರುಗಳಲ್ಲಿ ಸಿಗುವಂಥವಲ್ಲ.

ರಿಪೋರ್ಟ್ ಮರುದಿನ ಹೇಳಿದ ಹೊತ್ತಿಗೇ ಬಂತು, ಚಿತ್ರಗಳು ಸ್ಪಷ್ಟ. ಆದರೆ ಔಷಧದ ಹೆಸರು ಅದರಲ್ಲೂ ಇರಲಿಲ್ಲ. ನಾನು ಅಲ್ಲೇ ನಿಂತು ಹೆಸರು, ಪ್ರಮಾಣ, ತಾರೀಖು ಪೆನ್ನಿನಲ್ಲಿ ಬರೆಸಿ ಸೀಲ್ ಹಾಕಿಸಿಕೊಂಡೆ. ನೀವು ಹೋದರೂ ಇಷ್ಟನ್ನು ಬರೆಸಿಕೊಂಡೇ ಬನ್ನಿ, ಮುಂದಿನ ಸ್ಕ್ಯಾನ್‌ಗೆ ಹೋದಾಗ ಡಾಕ್ಟರ್ ಕೇಳುವುದು ಇದನ್ನೇ.