ಕಣ್ಣಿನ ಜೆಲ್ ಕೊಳ್ಳುವ ಮುನ್ನ ಟ್ಯೂಬಿನ ಸಣ್ಣ ಅಕ್ಷರ ಓದಿ

ಕಣ್ಣು ಒಣಗುತ್ತದೆಂದು ಔಷಧಿ ಅಂಗಡಿಯಲ್ಲಿ ಜೆಲ್ ಕೊಳ್ಳುವವರು ಬೆಂಗಳೂರಿನಲ್ಲಿ ಈಗ ಕಡಿಮೆಯೇನಿಲ್ಲ. ಅವರು ಇದನ್ನು ಓದಲಿ. ಜೆಲ್‌ಗೆ ಬದಲಾಗಿ ನನ್ನ ಕೈಗೆ ಸ್ಟೀರಾಯ್ಡ್ ಮುಲಾಮು ಕೊಟ್ಟರು. ಅದನ್ನು ವಾರಗಟ್ಟಲೆ ಹಚ್ಚಿಕೊಂಡು ನನ್ನ ಕಣ್ಣಿನ ಒತ್ತಡ ಅಪಾಯದ ಮಟ್ಟಕ್ಕೆ ಏರಿತ್ತು.

ಹೊರವರ್ತುಲ ರಸ್ತೆಯ ಕಚೇರಿಯಲ್ಲಿ ದಿನವಿಡೀ ಎಸಿ ಗಾಳಿಗೆ ಮುಖವೊಡ್ಡಿ ಕಂಪ್ಯೂಟರ್ ನೋಡುವ ಕೆಲಸ ನನ್ನದು. ಪರದೆ ನೋಡುವಾಗ ರೆಪ್ಪೆ ಬಡಿಯುವುದೇ ಕಡಿಮೆಯಾಗಿ ಕಣ್ಣೀರಿನ ಪದರ ಬೇಗ ಆರುತ್ತದೆ. ಸಂಜೆ ಸ್ಕೂಟರಿನಲ್ಲಿ ಬರುವಾಗ ಮೆಟ್ರೊ ಕಾಮಗಾರಿಯ ದೂಳು ಬೇರೆ. ಮರಳು ಬಿದ್ದಂತೆ ಚುಚ್ಚತೊಡಗಿದಾಗ ಕಣ್ಣಿನ ವೈದ್ಯರಿಗೆ ತೋರಿಸಿದೆ. ಅವರು ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕಣ್ಣು ಮುಚ್ಚಿ ಕೂರಿಸಿದರು. ಶಿರ್ಮರ್ ಪರೀಕ್ಷೆ ಎನ್ನುತ್ತಾರೆ. ಪಟ್ಟಿ 10 ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ಚಿಂತೆಯಿಲ್ಲ, 5ಕ್ಕಿಂತ ಕಡಿಮೆಯಾದರೆ ತೊಂದರೆ ತೀವ್ರ. ನನ್ನದು ನಡುವೆ ನಿಂತಿತು. ಹಗಲಿಗೆ ಹನಿ, ರಾತ್ರಿಗೆ ಶೇ 1ರ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಜೆಲ್ ಬರೆದುಕೊಟ್ಟರು. ಜೆಲ್ ಹನಿಗಿಂತ ಮಂದವಾದ್ದರಿಂದ ಕಣ್ಣಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಕಿದ ಮೇಲೆ ಸ್ವಲ್ಪ ಹೊತ್ತು ದೃಷ್ಟಿ ಮಸುಕಾಗುವುದೂ ಅದಕ್ಕೇ.

ಮೊದಲ ಟ್ಯೂಬು ಮುಗಿಯುವವರೆಗೆ ಎಲ್ಲ ಸರಿಯಿತ್ತು. ಎರಡನೆಯದಕ್ಕೆ ಮನೆ ಹತ್ತಿರದ ಅಂಗಡಿಗೆ ಚೀಟಿ ಹಿಡಿದು ಹೋದೆ. ಕೌಂಟರಿನ ಹುಡುಗ ಒಳಗೆ ಹೋಗಿ ಬೇರೆ ಹೆಸರಿನ ಟ್ಯೂಬು ತಂದ. ಇದು ಅದಲ್ಲವಲ್ಲ ಎಂದೆ. "ಅದು ಸ್ಟಾಕ್ ಇಲ್ಲ ಸಾರ್. ಔಷಧಿ ಒಂದೇ, ಕಂಪನಿ ಬೇರೆ" ಎಂದು ಪೆಟ್ಟಿಗೆಯ ಮೇಲಿನ 'ಸೋಡಿಯಂ' ಎಂಬಲ್ಲಿ ಬೆರಳಿಟ್ಟ. ಚೀಟಿಯಲ್ಲೂ ಸೋಡಿಯಂ ಇತ್ತು, ನಿಜ. ಚೀಟಿಯದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಸೋಡಿಯಂ. ಅವನು ಕೊಟ್ಟದ್ದು ಡೆಕ್ಸಾಮೆಥಸೋನ್ ಸೋಡಿಯಂ ಫಾಸ್ಫೇಟ್. ಒಂದು ಕಣ್ಣಿಗೆ ತೇವ ಕೊಡುತ್ತದೆ, ಇನ್ನೊಂದು ಪ್ರಬಲ ಸ್ಟೀರಾಯ್ಡ್. ಜೊತೆಗೆ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಕೂಡ ಬೆರೆತಿತ್ತು.

ಇಂಥ ಮುಲಾಮು ಹಚ್ಚಿದರೆ ಉರಿಯುವುದಿಲ್ಲ, ತುರಿಸುವುದಿಲ್ಲ. ಅದೇ ಇದರ ಮೋಸ. ಕೆಲವೇ ದಿನಗಳಲ್ಲಿ ಕಣ್ಣಿನ ಕೆಂಪು ಮಾಯವಾಯಿತು. ಈ ಕಂಪನಿಯದೇ ಮೇಲು ಎಂದು ಮನೆಯಲ್ಲಿ ಹೊಗಳಿದ್ದೂ ಆಯಿತು. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುವುದರಿಂದ ಹೊರಗೆ ಕಣ್ಣು ತಿಳಿಯಾಗಿ ಕಾಣುತ್ತದೆ. ಒಳಗೆ, ಕೆಲವರಲ್ಲಿ, ಕಣ್ಣಿನೊಳಗಿನ ದ್ರವ ಹೊರಹರಿಯುವ ದಾರಿಗೆ ಅಡ್ಡಿಯಾಗಿ ಒತ್ತಡ ಏರುತ್ತದೆ. ನೋವಿಲ್ಲ, ಮುನ್ಸೂಚನೆಯಿಲ್ಲ. ಹೀಗೇ ಮುಂದುವರಿದರೆ ದೃಷ್ಟಿನರ ಹಾಳಾಗಿ ಗ್ಲಾಕೋಮಾ ಬರುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ. ಪೊರೆಯೂ ಬೇಗ ಬರಬಹುದು. ಕಣ್ಣು ಒಣಗುವುದಕ್ಕೆ ವೈದ್ಯರೂ ಒಮ್ಮೊಮ್ಮೆ ಸ್ಟೀರಾಯ್ಡ್ ಕೊಡುವುದುಂಟು. ಆದರೆ ಸ್ವಲ್ಪ ಕಾಲಕ್ಕೆ, ಒತ್ತಡದ ಮೇಲೆ ಕಣ್ಣಿಟ್ಟು.

ಗೊತ್ತಾದದ್ದು ಕನ್ನಡಕದ ನಂಬರ್ ಬದಲಿಸಲು ಹೋದಾಗ. ಕಣ್ಣಿಗೆ ಗಾಳಿ ಊದಿ ಒತ್ತಡ ಅಳೆಯುವ ಯಂತ್ರದ ಮುಂದೆ ಕೂರಿಸಿದ ಹುಡುಗಿ, ಮತ್ತೊಮ್ಮೆ ಊದಿಸಿ ನೋಡಿ, ಮಾತಾಡದೆ ಎದ್ದು ಒಳಗೆ ಹೋದಳು. ವೈದ್ಯರು ಕಣ್ಣು ಮರಗಟ್ಟಿಸುವ ಹನಿ ಹಾಕಿ, ನೀಲಿ ಬೆಳಕಿನಲ್ಲಿ ತಾವೇ ಅಳೆದರು. ಪಾದರಸದ ಲೆಕ್ಕದಲ್ಲಿ 10ರಿಂದ 21 ಮಿಲಿಮೀಟರ್ ಸಾಮಾನ್ಯ, ನನ್ನದು 29. ಏನು ಹಾಕುತ್ತಿದ್ದೀರಿ ಎಂದು ಕೇಳಿದರು. ಚೀಲದಿಂದ ಟ್ಯೂಬು ತೆಗೆದುಕೊಟ್ಟೆ. ತಿರುಗಿಸಿ ಓದಿ, "ಇದನ್ನು ಬರೆದವರು ಯಾರು?" ಎಂದರು.

ಅಂಗಡಿಯ ಮಾಲೀಕರ ಉತ್ತರ ಕೇಳಿ: "ಪೆಟ್ಟಿಗೆಯ ಮೇಲೆ ಬರೆದಿದೆಯಲ್ಲ, ನೀವು ನೋಡಿಕೊಳ್ಳಬೇಕಿತ್ತು." ಡೆಕ್ಸಾಮೆಥಸೋನ್ ಷೆಡ್ಯೂಲ್ ಎಚ್ ಪಟ್ಟಿಯ ಔಷಧಿ. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತೆಯೇ ಇಲ್ಲ. ಗೋಡೆಯ ಮೇಲೆ ಫಾರ್ಮಸಿಸ್ಟ್ ಹೆಸರಿನ ಪ್ರಮಾಣಪತ್ರಕ್ಕೆ ಚೆಂದದ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಆ ಪುಣ್ಯಾತ್ಮನನ್ನು ಆ ಅಂಗಡಿಯಲ್ಲಿ ನಾನು ಕಂಡಿಲ್ಲ.

ಆದ್ದರಿಂದ ಟ್ಯೂಬಿನ ದೊಡ್ಡಕ್ಷರದ ಹೆಸರು ಬಿಟ್ಟು ಕೆಳಗಿನ ಸಣ್ಣ ಅಕ್ಷರ ಓದಿ. ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಪ್ರೊಮೆಲೋಸ್, ಕಾರ್ಬೋಮರ್, ಸೋಡಿಯಂ ಹಯಲುರೋನೇಟ್ ಇವು ತೇವ ಕೊಡುವಂಥವು. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್, ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್ ಇವು ಸ್ಟೀರಾಯ್ಡ್‌ಗಳು. ವೈದ್ಯರು ಬರೆಯದೆ ಇವುಗಳಲ್ಲೊಂದು ಕಂಡರೆ ಕೌಂಟರಿನಲ್ಲೇ ವಾಪಸು ಕೊಡಿ. ನಾಫಜೋಲಿನ್ ಇರುವ, ಕೆಂಪು ಇಳಿಸುವ ಹನಿಯನ್ನೂ ಜೆಲ್‌ನ ಬದಲಿಗೆ ಒಪ್ಪಬೇಡಿ. ಅದು ರಕ್ತನಾಳಗಳನ್ನು ಕುಗ್ಗಿಸುತ್ತದೆ, ಬಿಟ್ಟಾಗ ಕೆಂಪು ಮತ್ತೆ ಮರಳುತ್ತದೆ.

ಸರಿಯಾದ ಜೆಲ್ ಸಿಕ್ಕಿದರೂ ಒಂದೆರಡು ಮಾತಿದೆ. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಇರುವುದನ್ನು ಮೃದು ಕಾಂಟ್ಯಾಕ್ಟ್ ಲೆನ್ಸ್ ಧರಿಸಿಕೊಂಡೇ ಹಾಕಬಾರದು. ದಿನಕ್ಕೆ ಹಲವು ಸಲ ಬೇಕಾಗುವವರು ಸಂರಕ್ಷಕ ಇಲ್ಲದ್ದನ್ನೇ ಕೇಳಿ. ಬೇರೆ ಹನಿಯೂ ಇದ್ದರೆ ಅದು ಮೊದಲು, ಜೆಲ್ ಕೊನೆಗೆ, ನಡುವೆ ಐದಾರು ನಿಮಿಷ ಬಿಡುವು. ತೆರೆದ ಎಷ್ಟು ದಿನಕ್ಕೆ ಎಸೆಯಬೇಕೆಂದು ಪೆಟ್ಟಿಗೆಯಲ್ಲಿರುತ್ತದೆ, ಹಲವಕ್ಕೆ ಒಂದು ತಿಂಗಳು.

ಮುಲಾಮು ಬಿಟ್ಟು, ಒತ್ತಡ ಇಳಿಸುವ ಹನಿ ಹಾಕಿದ ಮೇಲೆ ನನ್ನದು ಸಾಮಾನ್ಯಕ್ಕೆ ಬಂದಿದೆ. ತಪಾಸಣೆ ಮಾತ್ರ ನಿಂತಿಲ್ಲ. ಈಗಾಗಲೇ ಇಂಥ ಟ್ಯೂಬು ಬಳಸುತ್ತಿರುವವರು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇರುವವರು, ಟ್ಯೂಬಿನ ಸಮೇತ ಕಣ್ಣಿನ ವೈದ್ಯರ ಬಳಿ ಹೋಗಿ. ಖರ್ಚಿನ ಚಿಂತೆಯಿದ್ದರೆ ಮಿಂಟೊ ಸರ್ಕಾರಿ ಕಣ್ಣಿನ ಆಸ್ಪತ್ರೆ ಇದೆ. ಇನ್ನು ಬಿಲ್ ಎಸೆಯಬೇಡಿ. ಔಷಧ ನಿಯಂತ್ರಣ ಇಲಾಖೆಗೆ ನಾನು ದೂರು ಬರೆದಾಗ, ಅಂಗಡಿಯವರು ಕೊಟ್ಟದ್ದು ಯಾವ ಮುಲಾಮು, ಯಾವ ಬ್ಯಾಚ್ ಎನ್ನುವುದಕ್ಕೆ ನನ್ನ ಬಳಿ ಇದ್ದ ಸಾಕ್ಷಿ ಆ ಬಿಲ್ ಒಂದೇ.